ಕಣ್ಣಿಲ್ಲದ ನಲವತ್ತೆರಡು ಹಾಳೆಗಳು

ರೋಣದ ಗ್ಯಾನಪ್ಪ ಚಿತ್ರಗಾರನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಉಳಿದದ್ದು ಒಂದೇ ಆಸೆ. ಸಾವಿರ ವರ್ಷದ ಹಿಂದೆ ಯಾರೋ ಗೋಡೆಗೆ ಬಳಿದ ಬಣ್ಣ ಇನ್ನೂ ನಿಂತಿದೆಯಂತೆ, ಅದು ಯಾವ ಅಂಟಿನ ಬಲದಿಂದ ನಿಂತಿದೆ ಎಂದು ಕಣ್ಣಾರೆ ನೋಡಿ ಬರಬೇಕು. ಇದೆಂಥ ಆಸೆಯಪ್ಪಾ ಎಂದು ನೀವು ನಗಬಹುದು. ನಗಿರಿ, ಅವನ ಹೆಂಡತಿ ಸಕ್ರವ್ವನೂ ನಕ್ಕಿದ್ದಳು. ಆದರೆ ಹನ್ನೆರಡು ವರ್ಷಕ್ಕೊಮ್ಮೆ ತಾನೇ ಬರೆದದ್ದನ್ನು ತಾನೇ ಕೆರೆದು ತೆಗೆದು ಮತ್ತೆ ಬರೆಯುವ ಕಸುಬು ನಿಮ್ಮದಾಗಿದ್ದರೆ ನೀವೂ ಇದನ್ನೇ ಕೇಳುತ್ತಿದ್ದಿರಿ.

ಚಿತ್ರಗಾರರ ಮನೆಯಲ್ಲಿ ಹುಟ್ಟಿದವನಿಗೆ ಬಣ್ಣ ಅರೆಯುವುದೇ ಮೊದಲ ಪಾಠ. ಏಳನೆಯ ವರ್ಷಕ್ಕೆ ಅರೆಯುವ ಕಲ್ಲಿನ ಮುಂದೆ ಕುಳಿತ ಗ್ಯಾನಪ್ಪ ಇನ್ನೂ ಎದ್ದಿರಲಿಲ್ಲ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಯಿಟ್ಟು, ರುಬ್ಬಿ ಕುದಿಸಿದರೆ ಅಂಟು. ಆ ಅಂಟಿನಲ್ಲಿ ಬಣ್ಣ ಕಲಸಿ, ಸೂಡಿ, ಮುಶಿಗೇರಿ, ಇಟಗಿ, ಗಜೇಂದ್ರಗಡದ ಕಡೆಯ ಊರೂರ ಕಟ್ಟಿಗೆಯ ದ್ಯಾಮವ್ವ, ದುರ್ಗವ್ವಗಳಿಗೆ ಬಳಿಯುವುದು ಅವರ ಮನೆತನದ ಕೆಲಸ. ಬಳಿದ ಬಣ್ಣ ಹತ್ತು ವರ್ಷ ನಗುತ್ತದೆ, ಹನ್ನೊಂದನೆಯ ವರ್ಷ ಬಿರಿಯುತ್ತದೆ, ಹನ್ನೆರಡಕ್ಕೆ ಹಕ್ಕಳೆಯಾಗಿ ಉದುರುತ್ತದೆ. ಅಪ್ಪ ಬಳಿದದ್ದನ್ನು ಗ್ಯಾನಪ್ಪ ಕೆರೆದಿದ್ದ, ತಾನು ಬಳಿದದ್ದನ್ನೂ ಎರಡು ಸಲ ಕೆರೆದಿದ್ದ. ಮೂರನೆಯ ಸಲ ಕೆರೆಯುವ ಹೊತ್ತಿಗೆ ಅವನಿಗೆ ಬದುಕೇ ಬೇಸರವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಕೆಲಸದಲ್ಲಿ ಒಂದು ಕಟ್ಟಳೆ ಇತ್ತು. ಸೀರೆ, ಬಳೆ, ಮೂಗುತಿ, ತುಟಿ ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ದೇವಿಯ ಕಣ್ಣು. ಅಂದು ಚಿತ್ರಗಾರ ಉಪವಾಸ ಇರಬೇಕು, ತಲೆಗೆ ನೀರು ಹಾಕಿಕೊಳ್ಳಬೇಕು. ದೇವಿಗೆ ಬೆನ್ನು ಮಾಡಿ ಕೂತು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಅವಳ ಮುಖ ನೋಡುತ್ತ, ಭುಜದ ಮೇಲಿಂದ ಕೈ ಹಿಂದಕ್ಕೆ ಚಾಚಿ ಕಣ್ಣಿನ ಬೊಟ್ಟು ಇಡಬೇಕು. ದೇವಿಯ ಮೊದಲ ನೋಟ ನೇರವಾಗಿ ಮನುಷ್ಯರ ಮೇಲೆ ಬೀಳಬಾರದು, ಕನ್ನಡಿಗೆ ಬೀಳಬೇಕು. ಆ ಕನ್ನಡಿ ಹಿಡಿಯುವವಳು ಸಕ್ರವ್ವ. ಮೂವತ್ತು ವರ್ಷ ಹಿಡಿದಳು, ಮೂವತ್ತು ವರ್ಷವೂ ಬೈಸಿಕೊಂಡಳು.

"ಕೈ ನಡುಗಿಸಬ್ಯಾಡ, ಕನ್ನಡಿ ಅಲಗಾಡತೈತಿ" ಎಂದು ಗ್ಯಾನಪ್ಪ ಗದರುತ್ತಿದ್ದ. ಅವಳ ಕೈ ನಡುಗಿರಲಿ ಬಿಡಲಿ, ಆ ಮಾತು ತಪ್ಪುತ್ತಿರಲಿಲ್ಲ.

ಅಪ್ಪ ಸಾಯುವಾಗ ಇನ್ನೂ ಒಂದು ಮಾತು ಹೇಳಿದ್ದ: "ಕಣ್ಣು ತೆರದ ಮ್ಯಾಲ ಆಕಿ ಹಸೀತಾಳ. ದಿನಾ ಎಡಿ ಹಿಡಿಯೋರು ಇದ್ದಲ್ಲಿ ಕಣ್ಣು ತೆರಿ, ಇಲ್ಲದಲ್ಲಿ ತೆರೀಬ್ಯಾಡ." ಗ್ಯಾನಪ್ಪ ಅದನ್ನು ವಿಚಾರ ಮಾಡಿ ಒಪ್ಪಿಕೊಂಡವನಲ್ಲ. ಬಲಗೈಯಿಂದ ಉಣ್ಣಬೇಕು ಎಂಬುದನ್ನು ಯಾರಾದರೂ ವಿಚಾರ ಮಾಡುತ್ತಾರೆಯೇ?

ಸರಕಾರದವರು ರೋಣದಲ್ಲಿ ಸಾಲೆ ತೆರೆದಾಗ ಗೋಡೆಯ ಮೇಲೆ ಹಿಂದುಸ್ಥಾನದ ನಕಾಶೆ ಬರೆಯಲು ಅವನನ್ನು ಕರೆದರು. ಬರೆದ. ಸಮುದ್ರಕ್ಕೆ ನೀಲಿ ಹಚ್ಚಿ ಸುಮ್ಮನಿರಲಾರದೆ ಅದರಲ್ಲಿ ಎರಡು ಮೀನು ಬಿಟ್ಟ. ಮೀನು ನೋಡಲೆಂದೇ ಹುಡುಗರು ಸಾಲೆಗೆ ಬರತೊಡಗಿದ್ದನ್ನು ಕಂಡ ಮಾಸ್ತರರು, ವಾರಕ್ಕೆ ನಾಲ್ಕು ದಿನ ಬಂದು ಗೆರೆ ಎಳೆಯುವುದನ್ನು ಕಲಿಸು ಎಂದರು. ಹೀಗೆ ಚಿತ್ರಗಾರ ಗ್ಯಾನಪ್ಪ ಗ್ಯಾನಪ್ಪ ಮಾಸ್ತರನಾದ. ಉಸುಕಿನ ಹಲಗೆಯ ಮೇಲೆ ಹುಡುಗರ ಬೆರಳು ಹಿಡಿದು ಬಳ್ಳಿ, ಆನೆ, ಗಿಳಿ ತಿದ್ದಿಸಿದ. ಸಂಬಳ ಬಂದಾಗ ಬಂತು. ಸೊಂಟನೋವು ಮಾತ್ರ ತಪ್ಪದೆ ಬಂತು.

ಸಾವಿರದ ಎಂಟುನೂರಾ ಐವತ್ತಾರನೆಯ ಇಸವಿ ಶುರುವಾದ ಚಳಿಗಾಲದಲ್ಲಿ ನರಗುಂದದ ಹತ್ತಿ ವ್ಯಾಪಾರಿ ಅಂದಾನೆಪ್ಪ ಸಾಲೆಯ ಬಾಗಿಲಲ್ಲಿ ನಿಂತು ಆ ನಕಾಶೆ ನೋಡಿದ. ಇವನ ಹತ್ತಿ ಕುಮಟೆಯ ಬಂದರದಿಂದ ಹಡಗು ಹತ್ತಿ ಮುಂಬೈಯ ಒಬ್ಬ ಪಾರಸಿ ಶೇಠನ ಗೋದಾಮಿಗೆ ಹೋಗುತ್ತಿತ್ತು. ಶೇಠ ತೀರಿಕೊಂಡಿದ್ದ. ಸಾಯುವ ಮುಂಚೆ ಒಂದಿಷ್ಟು ಹಣ ತೆಗೆದಿಟ್ಟು ವಿಚಿತ್ರವಾದ ಮೃತ್ಯುಪತ್ರ ಬರೆದಿದ್ದ.

"ಗ್ಯಾನಪ್ಪ, ನಿನ್ನ ಸಲುವಾಗಿ ಸುದ್ದಿ ತಂದೀನಿ" ಎಂದ ಅಂದಾನೆಪ್ಪ, ಕಟ್ಟೆಯ ಮೇಲೆ ಕೂತು. "ಸಾಲ್ಯಾಗ ಚಿತ್ರ ಕಲಿಸೋ ಮಾಸ್ತರರಿಗೆ ಹಿಂದಿನವ್ರು ಏನು ಬರದ್ರು, ಏನು ಕೆತ್ತಿದ್ರು ಅನ್ನೂದು ಗೊತ್ತಿರಬೇಕಂತ. ತಿರಗಾಡಿ ನೋಡಿ ಕಲ್ತು ಬರ್ಲಿ, ಅವರ ಹೊಟ್ಟಿ ಬಟ್ಟಿ ಖರ್ಚು ನಂದು ಅಂತ ಶೇಠ ಬರದಿಟ್ಟು ಹೋಗ್ಯಾನ. ಈ ಸೀಮಿಗೆ ಒಬ್ಬ ಮಾಸ್ತರನ್ನ ಹುಡುಕೊ ಅಂತ ಆ ಫಂಡಿನವ್ರು ನನಗ ಕಾಗದ ಹಾಕ್ಯಾರ."

"ನೋಡೂದಂದ್ರ ಏನ್ ನೋಡೂದ್ರಿ, ಸಾವಕಾರ್ರ?"

"ಔರಂಗಾಬಾದಿನ ಆಚೆ ಅಜಿಂಠಾ ಅಂತ ಒಂದು ಹಳ್ಳಿ ಐತಂತ. ಗುಡ್ಡ ಕೊರದು ಗವಿ ಮಾಡ್ಯಾರ. ಗವಿ ಗ್ವಾಡಿ ತುಂಬ ಬಣ್ಣದ ಚಿತ್ರ. ಸಾವಿರ ವರ್ಷದ ಮ್ಯಾಲಿನವು. ಬಣ್ಣ ಇನ್ನೂ ಹಂಗ ಐತಂತ."

ಗ್ಯಾನಪ್ಪನ ಕೈಯಲ್ಲಿದ್ದ ಸುಣ್ಣದ ಕುಡಿಕೆ ಕೆಳಗೆ ಬಿತ್ತು. "ಇನ್ನೂ ಹಂಗ? ಯಾವ ಅಂಟು ಹಾಕ್ಯಾರಂತ್ರಿ?"

"ಅದನ್ನ ನೋಡಾಕನ ನಿನ್ನ ಕಳಸ್ತಾರೋ ಮಾರಾಯಾ!" ಎಂದು ಅಂದಾನೆಪ್ಪ ತೊಡೆ ತಟ್ಟಿಕೊಂಡು ನಕ್ಕ.

ಆದರೆ ಪುಕ್ಕಟೆ ಯಾರು ಕೊಡುತ್ತಾರೆ? ಮೊದಲ ನಾಲ್ಕು ತಿಂಗಳು ಈ ಸೀಮೆಯ ಹಳೆಯ ಗುಡಿಗಳ ಮೂರ್ತಿಗಳನ್ನು ನೋಡಿ ಕಾಗದದ ಮೇಲೆ ಬರೆಯಬೇಕು. ಆ ಹಾಳೆಗಳು ಮುಂಬೈಗೆ ಹೋಗಬೇಕು. ಅಲ್ಲಿಯವರು ಹೂಂ ಅಂದರೆ ಉಳಿದ ನಾಲ್ಕು ತಿಂಗಳ ಖರ್ಚು ಕೊಟ್ಟು ಗವಿಗಳಿಗೆ ಕಳಿಸುತ್ತಾರೆ. ಉಹೂಂ ಅಂದರೆ ಮುಗಿಯಿತು.

ಗ್ಯಾನಪ್ಪ ಒಪ್ಪಿಕೊಂಡು ಮನೆಗೆ ಬಂದ. ಬಂದವನು ಸಕ್ರವ್ವನ ಎದುರು ಕೂತು ಎಲ್ಲವನ್ನೂ ಹೇಳಿದ. ಆದರೆ ಅವನ ಬಲಗಣ್ಣು ಹೋದ ವರ್ಷವೇ ಪೊರೆ ಕಟ್ಟಿ ಹೋಗಿತ್ತು. ಎಡಗಣ್ಣಿನಲ್ಲಿ ಈಗ ಬೆಳಗಿನ ಮಂಜು ಕೂತಂತೆ ಕೂತಿತ್ತು, ಮಧ್ಯಾಹ್ನವಾದರೂ ಏಳುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ಸಕ್ರವ್ವ, ಇನ್ನೊಬ್ಬ ಊರೂರು ತಿರುಗಿ ಕಣ್ಣಿಗೆ ಹಚ್ಚುವ ಸುರುಮಾ ಮಾರುವ ಕಾಶೀಂಸಾಬ.

"ಹಲ್ಲಿದ್ದಾಗ ಕಡ್ಲಿ ಇರಲಿಲ್ಲ, ಕಡ್ಲಿ ಬಂದಾಗ ಹಲ್ಲಿಲ್ಲ" ಎಂದಳು ಸಕ್ರವ್ವ. "ಹೋಗಿ ಏನ್ ನೋಡ್ತೀರಿ? ಗ್ವಾಡಿ ಸವರಿ ಬರ್ತೀರೇನು?"

"ಎಡಗಣ್ಣು ಇನ್ನೊಂದು ವರ್ಷ ತಡೀತೈತಿ. ಅಷ್ಟರಾಗ ನೋಡಿ ಬಂದೇ ಬಿಡ್ತೀನಿ" ಎಂದ ಗ್ಯಾನಪ್ಪ. ಅವನ ದನಿಯಲ್ಲಿ ಬೇಡಿಕೆ ಇತ್ತು. ಸಕ್ರವ್ವ ಮತ್ತೆ ನಗಲಿಲ್ಲ, ರೊಟ್ಟಿ ಬುತ್ತಿ ಕಟ್ಟಿದಳು.

ನಾಲ್ಕು ತಿಂಗಳು ಗಂಡ ಹೆಂಡತಿ ಇಬ್ಬರೂ ಕರಿಮಣ್ಣಿನ ದಾರಿ ತುಳಿದರು. ರೋಣದ ಗುಡಿಗಳು ಮುಗಿದವು, ಇಟಗಿ ಮುಗಿಯಿತು, ಸೂಡಿಗೆ ಬಂದಾಗ ಬಿಸಿಲು ಏರಿತ್ತು. ಇಬ್ಬರ ಹಿಮ್ಮಡಿಯೂ ಒಡೆದು ರಕ್ತ ಬರುತ್ತಿತ್ತು. ಎಷ್ಟೋ ಗುಡಿಗಳಲ್ಲಿ ಮೂರ್ತಿಯ ಮೇಲೆ ವರ್ಷ ವರ್ಷ ಬಳಿದ ಸುಣ್ಣ ಬೆರಳುದ್ದ ದಪ್ಪ. ಗ್ಯಾನಪ್ಪ ಮೊದಲು ಕೈಯಿಂದ ಸವರಿ ಗುರುತು ಹಿಡಿಯುತ್ತಿದ್ದ, ಆಮೇಲೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದ, ಆಮೇಲೆ ಬರೆಯುತ್ತಿದ್ದ. ಒಂದು ಮೂರ್ತಿಗೆ ಎರಡು ದಿನ, ಒಮ್ಮೊಮ್ಮೆ ಮೂರು. ಸಕ್ರವ್ವ ಕೊಡೆಯಂತೆ ಸೆರಗು ಹಿಡಿದು ಬಿಸಿಲಿಗೆ ಅಡ್ಡ ನಿಲ್ಲುತ್ತಿದ್ದಳು.

ಕಲಿತದ್ದೇನು ಎಂದರೆ, ಕಲಿತ. ಸೂಡಿಯ ಒಂದು ಬಾಗಿಲವಾಡದ ಎರಡು ಕಡೆ ಒಂದೇ ಬಳ್ಳಿ ಕೆತ್ತಿದ್ದರು. ಎಡಗಡೆಯ ಎಲೆಗಳಲ್ಲಿ ನರ ಒಂಬತ್ತು. ಬಲಗಡೆ ಕೆಳಗೆ ಒಂಬತ್ತು ಇದ್ದದ್ದು ಮೇಲೇರುತ್ತ ಏಳಾಗಿ, ಐದಾಗಿ, ತುದಿಯಲ್ಲಿ ಮೂರೇ ಮೂರಾಗಿತ್ತು. ಗ್ಯಾನಪ್ಪ ಅದನ್ನು ಬೆರಳಿನಿಂದ ಮತ್ತೆ ಮತ್ತೆ ಎಣಿಸಿದ.

"ಇಂವಗೂ ಸಾಕಾಗಿತ್ತು ನೋಡು" ಎಂದು ಸಕ್ರವ್ವನಿಗೆ ಹೇಳಿ, ಬಹಳ ದಿನದ ಮೇಲೆ ಮನಸಾರೆ ನಕ್ಕ. ಹೆಸರಿಲ್ಲದ ಆ ಕಲ್ಲುಕುಟಿಗ ಅವನಿಗೆ ಆ ಕ್ಷಣದಿಂದ ಅಣ್ಣನಾದ.

ಸೂಡಿಯ ಹೊಂಡದ ಮೆಟ್ಟಿಲ ಮಗ್ಗುಲಲ್ಲಿ ಗೂಡಿನಂಥ ಪುಟ್ಟ ಪುಟ್ಟ ಗುಡಿಗಳಿವೆ. ಅವುಗಳಲ್ಲಿ ಒಂದರಲ್ಲಿ ಒಬ್ಬ ದೇವಿ ಇದ್ದಳು. ಯಾವ ದೇವಿ ಎಂದು ಊರವರಿಗೇ ಗೊತ್ತಿರಲಿಲ್ಲ. ಮುಖದ ಅರ್ಧ ಸವೆದಿತ್ತು. ಅವಳನ್ನು ಗ್ಯಾನಪ್ಪ ಐದು ದಿನ ಬರೆದ. ಸವೆದ ಅರ್ಧವನ್ನು ಉಳಿದ ಅರ್ಧದ ಲೆಕ್ಕದಲ್ಲಿ ತುಂಬಿಕೊಟ್ಟ. ಅದೇ ನಲವತ್ತೆರಡನೆಯ ಹಾಳೆ, ಕೊನೆಯದು.

ನಲವತ್ತೆರಡು ಹಾಳೆಗಳಲ್ಲಿ ಒಂದಕ್ಕೂ ಅವನು ಕಣ್ಣು ಇಟ್ಟಿರಲಿಲ್ಲ. ರೆಪ್ಪೆ ಇತ್ತು, ಹುಬ್ಬಿತ್ತು, ಕಣ್ಣಿನ ಬೊಂಬೆಯ ಜಾಗ ಬಿಳಿ. ಇದು ಹೇಳಬೇಕಾದ ಮಾತು ಎಂದು ಅವನಿಗೆ ಹೊಳೆಯಲೇ ಇಲ್ಲ. ಹಾಳೆಗಳು ಸುರುಳಿಯಾಗಿ ಅಂದಾನೆಪ್ಪನ ಹತ್ತಿಯ ಜೊತೆ ಕುಮಟೆಗೆ ಹೋದವು, ಅಲ್ಲಿಂದ ಮುಂಬೈಗೆ.

ಮಳೆಗಾಲ ಕಳೆದ ಮೇಲೆ ಹಾಳೆಗಳೂ ಬಂದವು, ಕಾಗದವೂ ಬಂತು. ಅಂದಾನೆಪ್ಪ ನರಗುಂದಕ್ಕೆ ಬಾ ಎಂದು ಹೇಳಿ ಕಳಿಸಿದ. ಗಂಡ ಹೆಂಡತಿ ಚಕ್ಕಡಿಯೊಂದರ ಹಿಂದೆ ಕೂತು ಹೋದರು. ಗವಿಗಳಿಗೆ ಹೊರಡುವ ದಿನವನ್ನೇ ಕೇಳಲು ಹೊರಟಂತೆ ಗ್ಯಾನಪ್ಪ ಹೊಸ ರುಮಾಲು ಸುತ್ತಿದ್ದ.

ಗುಡ್ಡದ ಕೋಟೆಯ ಕೆಳಗೆ ಅಂದಾನೆಪ್ಪನ ಹತ್ತಿ ತುಂಬಿಡುವ ವಖಾರಿ. ಅವನು ಕಾಗದ ಬಿಡಿಸಿ ಓದಿದ: "ಹಾಳೆಗಳಲ್ಲಿ ಕೈಚಳಕ ಇದೆ. ಆದರೆ ಯಾವ ಮೂರ್ತಿಗೂ ಕಣ್ಣಿಲ್ಲ. ಮಾಸ್ತರ ಕೆಲಸ ಅರ್ಧಕ್ಕೆ ಬಿಟ್ಟಿದ್ದಾನೆ, ಇಲ್ಲವೆ ಅವನಿಗೆ ದೃಷ್ಟಿ ಸಾಲದು. ಕಣ್ಣು ಪೂರ್ತಿ ಮಾಡಿ ಹಾಳೆಗಳನ್ನು ಮರಳಿ ಕಳಿಸಿದರೆ ಮುಂದಿನ ಖರ್ಚು ಕೊಡಲಾಗುವುದು." ಓದಿ ಮುಗಿಸಿ ಗ್ಯಾನಪ್ಪನ ಮುಖವನ್ನೇ ನೋಡಿದ.

"ಖರೇ ಹೇಳು. ನಿನಗ ಕಣ್ಣು ಕಾಣಸ್ತಾವಿಲ್ಲೋ? ಆ ಕಾಶೀಂಸಾಬ ಹೋದ ವಾರ ಇಲ್ಲೇ ಕುಂತು ಹೇಳಿದ, ರೋಣದ ಮಾಸ್ತರನ ಕಣ್ಣು ನನ್ನ ಸುರುಮಾದಾಗ ನಿಂತೈತಿ ಅಂತ."

ಕಾಶೀಂಸಾಬ ತನ್ನ ಸುರುಮಾ ಹೊಗಳಿಕೊಂಡಿದ್ದ ಅಷ್ಟೆ, ಪಾಪ, ಕೇಡು ಬಗೆದವನಲ್ಲ. ಗ್ಯಾನಪ್ಪ ಹೊಸ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟ. "ಎಡಗಣ್ಣು ಕಾಣಸ್ತೈತ್ರಿ" ಎಂದ.

"ಮತ್ತ ಇವಕ್ಕ ಕಣ್ಣು ಯಾಕ ಇಟ್ಟಿಲ್ಲ?"

"ಅವು ದೇವರ್ರಿ. ಕಣ್ಣು ತೆರದ್ರ ಎಡಿ ಹಿಡೀಬೇಕು. ಮುಂಬೈದಾಗ ಪೆಟಿಗ್ಯಾಗ ಹಾಕಿ ಮುಚ್ಚಿಡಾವ್ರು. ಅಲ್ಲಿ ಕತ್ತಲ್ಯಾಗ ಹಸಗೊಂಡು ಕುಂದರಬೇಕೇನ್ರಿ ಅವು?"

ಅಂದಾನೆಪ್ಪ ಹೊಟ್ಟೆ ಹಿಡಿದು ನಕ್ಕ. ಅವನು ಕೊರಳಲ್ಲಿ ಲಿಂಗ ಕಟ್ಟಿದವನು. "ನಮಗ ಅಂಗೈಯಾಗಿನ ಲಿಂಗ ಒಂದ ದೇವರಪ್ಪಾ. ಇದು ಕಾಗದ. ಕಾಗದ ಏನು ಉಣ್ಣತೈತಿ? ಒಂದೊಂದು ಚುಕ್ಕಿ ಇಟ್ಟು ಕೈ ತೊಳಕೊ. ಆ ಗವ್ಯಾಗ ಬರದವ್ರೂ ಕಣ್ಣು ಇಟ್ಟೇ ಬರದಾರಲ್ಲ?"

"ಅವು ಗ್ವಾಡಿ ಬಿಟ್ಟು ಎಲ್ಲೂ ಹೋಗೂದಿಲ್ರಿ. ಬರದವ್ರು ಅಲ್ಲೇ ಇದ್ದು ನೋಡಿಕೊಂಡಿರಬೇಕು" ಎಂದ ಗ್ಯಾನಪ್ಪ. ಅವನಿಗೆ ಅಷ್ಟೇ ಹೊಳೆದದ್ದು.

"ಬೇಸ್ತವಾರ ಚಕ್ಕಡಿ ಕುಮಟಿಗೆ ಹೊಂಡತಾವ. ಅಷ್ಟರಾಗ ವಿಚಾರ ಮಾಡು" ಎಂದು ಅಂದಾನೆಪ್ಪ ಸುರುಳಿಯನ್ನು ಅವನ ತೊಡೆಯ ಮೇಲೆ ಇಟ್ಟ. ಬೇಸ್ತವಾರಕ್ಕೆ ಎರಡು ದಿನ ಉಳಿದಿತ್ತು.

ವಖಾರಿಯ ಹಿಂದಿನ ಪಡಸಾಲೆಯಲ್ಲಿ ಇಬ್ಬರಿಗೂ ಜಾಗ ಕೊಟ್ಟಿದ್ದರು. ಸಕ್ರವ್ವ ಮೂರು ಕಲ್ಲು ಹೂಡಿ ನುಚ್ಚು ಕುದಿಯಲು ಇಟ್ಟಳು. ಗ್ಯಾನಪ್ಪ ಒಂದೊಂದೇ ಹಾಳೆ ಬಿಡಿಸಿ ಮುಖಕ್ಕೆ ಹಿಡಿದು ನೋಡಿ ಮತ್ತೆ ಸುತ್ತುತ್ತಿದ್ದ.

"ಇಡ್ರಿ" ಎಂದಳು ಸಕ್ರವ್ವ ಒಮ್ಮೆಲೇ. "ನಲವತ್ತೆರಡಕ್ಕೂ ಇಟ್ಟ ಬಿಡ್ರಿ. ಪಾಪ ಬಂದ್ರ ನನಗ ಬರ್ಲಿ. ಆ ಗವಿ ನೋಡಲಿಲ್ಲಂದ್ರ ನೀವು ಜೀವಂತ ಇರೂದಿಲ್ಲ, ನನಗ ಗೊತ್ತೈತಿ."

"ನಲವತ್ತೆರಡು ದೇವರಿಗೆ ಎಡಿ ಯಾರು ಹಿಡೀತಾರ?"

"ನಮಗ ಇಬ್ಬರಿಗೆ ಹಿಡಿಯೋರ ಇಲ್ಲ, ದೇವರ ಚಿಂತಿ ಹಚ್ಚಿಕೊಂಡೀರಿ!" ಎಂದು ಅವಳು ರೇಗಿದಳು. ಆಮೇಲೆ ಅವಳಿಗೇ ಅಳು ಬಂತು. ಮೂವತ್ತು ವರ್ಷ ಕನ್ನಡಿ ಹಿಡಿದವಳು ಅವಳು. ಕಣ್ಣು ತೆರೆದ ಕ್ಷಣದಲ್ಲಿ ಕನ್ನಡಿಗೆ ಬೀಳುವ ಭಾರ ಎಷ್ಟೆಂದು ಅವಳ ಕೈಗೆ ಗೊತ್ತಿತ್ತು. ಚುಕ್ಕಿ ಇಡುವುದು ಸುಮ್ಮನೆ ಚುಕ್ಕಿ ಇಡುವುದಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗ್ಯಾನಪ್ಪನಿಗೆ ಆ ರಾತ್ರಿ ಆಸೆಯೂ ಇತ್ತು, ಹೆದರಿಕೆಯೂ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತಿತ್ತು. ಬೆಳಗಾದಾಗ ಅವನು ಒಂದು ನಡುದಾರಿ ಹಿಡಿದ. ಒಂದೇ ಒಂದು ಹಾಳೆಗೆ, ಸಾವಕಾರನ ಎದುರಿಗೇ, ಪದ್ಧತಿಯ ಪ್ರಕಾರ ಕಣ್ಣು ತೆರೆಯುತ್ತೇನೆ. ನನಗೆ ದೃಷ್ಟಿ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಅದನ್ನು ನೋಡಿದ ಮೇಲೂ ಉಳಿದವಕ್ಕೆ ಇಡು ಎಂದರೆ ಇಡುತ್ತೇನೆ, ಗವಿಗಳಿಗೆ ಹೋಗುತ್ತೇನೆ. ಅಂದಾನೆಪ್ಪ ಆಗಲಿ ಎಂದ. ಅವನಿಗೆ ಇದೊಂದು ತಮಾಷೆ.

ಬುಧವಾರ ಗ್ಯಾನಪ್ಪ ಉಪವಾಸ ಇದ್ದು ತಲೆಗೆ ನೀರು ಹಾಕಿಕೊಂಡ. ಸೂಡಿಯ ಹೊಂಡದ ದೇವಿಯ ಹಾಳೆಯನ್ನು ವಖಾರಿಯ ಗೋಡೆಗೆ ತೂಗಿಬಿಟ್ಟರು. ಹಮಾಲರು ಹತ್ತಿಯ ಅಂಡಿಗೆಗಳ ಮೇಲೆ ಕೂತು ನೋಡುತ್ತಿದ್ದರು. ಗ್ಯಾನಪ್ಪ ದೇವಿಗೆ ಬೆನ್ನು ಮಾಡಿ ಕೂತ. ಎದುರಿಗೆ ಸಕ್ರವ್ವ ಕನ್ನಡಿ ಹಿಡಿದು ಕೂತಳು. ಅಳಿಲಿನ ಬಾಲದ ಕುಂಚ ಅದ್ದಿ ಅವನು ಕನ್ನಡಿಯಲ್ಲಿ ನೋಡಿದ.

ಏನೂ ಕಾಣಲಿಲ್ಲ. ಬೆಳ್ಳಗೆ ಒಂದು ಮುಖದ ಆಕಾರ, ಅಷ್ಟೆ. ವಖಾರಿಯ ಮಬ್ಬಿಗೂ ಎಡಗಣ್ಣಿನ ಮಂಜಿಗೂ ಗಂಟು ಬಿದ್ದಿತ್ತು. ಅವನ ಮುಖ ನೋಡಿಯೇ ಸಕ್ರವ್ವನಿಗೆ ತಿಳಿದುಹೋಯಿತು, ಅವಳ ಕೈ ಈ ಸಲ ನಿಜವಾಗಿಯೂ ನಡುಗಿತು.

"ಕೈ ನಡುಗಿಸಬ್ಯಾಡ, ಕನ್ನಡಿ ಅಲಗಾಡತೈತಿ" ಎಂದ ಗ್ಯಾನಪ್ಪ, ಯಾವತ್ತಿಗಿಂತ ಮೆಲ್ಲಗೆ.

ಆಮೇಲೆ ಅವನು ಕಣ್ಣು ಮುಚ್ಚಿದ. ಐದು ದಿನ ಬೆರಳಿನಿಂದ ಸವರಿದ ಮುಖ ಅದು. ಹುಬ್ಬಿನಿಂದ ರೆಪ್ಪೆಗೆ ಎಷ್ಟು, ರೆಪ್ಪೆಯಿಂದ ಬೊಂಬೆಗೆ ಎಷ್ಟು ಎಂಬುದು ಬೆರಳಿನಲ್ಲೇ ಇತ್ತು. ಕೈ ಭುಜದ ಮೇಲಿಂದ ಹಿಂದಕ್ಕೆ ಹೋಯಿತು. ಎಡಗಣ್ಣು, ಬಲಗಣ್ಣು. ಎರಡೂ ಮುಗಿದ ಮೇಲೆ ಕೈ ಮುಂದಕ್ಕೆ ಬಂದು ತೊಡೆಯ ಮೇಲೆ ಬಿತ್ತು.

ಹಮಾಲರು ಒಬ್ಬೊಬ್ಬರಾಗಿ ಅಂಡಿಗೆಯಿಂದ ಇಳಿದು ಕೈಮುಗಿದರು. ಗೋಡೆಯ ಮೇಲೆ ದೇವಿ ನೋಡುತ್ತಿದ್ದಳು. ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು ಮನೆಯ ಹಿರಿಯಳು ಕೇಳುವ ನೋಟ ಅದು. ಅಂಗೈಯ ಲಿಂಗವೊಂದೇ ದೇವರು ಎಂದಿದ್ದ ಅಂದಾನೆಪ್ಪ ಯಾವಾಗ ಚಪ್ಪಲಿ ಬಿಟ್ಟನೋ ಅವನಿಗೇ ಗೊತ್ತಿಲ್ಲ, ಬರಿಗಾಲಲ್ಲಿ ನಿಂತಿದ್ದ.

"ದೃಷ್ಟಿ ಚಲೋ ಐತಿ" ಎಂದ.

ಗ್ಯಾನಪ್ಪ ಕುಂಚವನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟ. "ಸಾವಕಾರ್ರ, ಈಗ ಇದನ್ನ ಸುತ್ತಿ ಅಂಡಿಗ್ಯಾಗ ಹಾಕ್ರಿ. ಉಳಿದ ನಲವತ್ತೊಂದಕ್ಕೂ ನಾಳಿ ಮುಂಜಾನಿ ಅನ್ನೂದರಾಗ ಇಡತೀನಿ" ಎಂದ.

ಅಂದಾನೆಪ್ಪ ಗೋಡೆಯ ಹತ್ತಿರ ಹೋದ. ಹಾಳೆಯ ಕೆಳ ಅಂಚು ಹಿಡಿದು ಸುತ್ತತೊಡಗಿದ. ಪಾದ ಸುತ್ತಿದ, ಸೊಂಟದವರೆಗೂ ಬಂದ. ಮುಖದ ಹತ್ತಿರ ಬರುವಾಗ ಕೈ ನಿಂತಿತು. ಒಮ್ಮೆ ಹಮಾಲರ ಕಡೆ ನೋಡಿದ, ಅವರಲ್ಲಿ ಯಾರೂ ಮುಂದೆ ಬರಲಿಲ್ಲ. ಹಾಳೆ ಬಿಟ್ಟ. ಅದು ತಾನಾಗಿ ಬಿಚ್ಚಿಕೊಂಡು ಕೆಳಗಿಳಿಯಿತು.

"ನನ್ನ ಕೈಲೆ ಆಗೂದಿಲ್ಲಪ್ಪಾ" ಎಂದ. ಆಮೇಲೆ ಸಿಟ್ಟಿನಿಂದ, "ಎಂಥಾ ಪೇಚಿನ್ಯಾಗ ಹಾಕಿದೆಯೋ ನನ್ನ!" ಎಂದ.

"ಉಳಿದವಕ್ಕ ಇಡಲೇನ್ರಿ?"

"ಬ್ಯಾಡ."

ಆ ಬ್ಯಾಡ ಎಂಬ ಮಾತಿನಲ್ಲೇ ಗವಿಗಳು ಮುಚ್ಚಿದವು ಎಂದು ಗ್ಯಾನಪ್ಪನಿಗೆ ಗೊತ್ತಾಯಿತು. ಗೆದ್ದೆನೆಂದು ಅವನಿಗೆ ಅನ್ನಿಸಲಿಲ್ಲ. ಕುಂಚ ತೊಳೆದ, ಹೊಟ್ಟೆ ಹಸಿದಿದೆ ಎಂದ.

ಅಂದಾನೆಪ್ಪ ಒಳ್ಳೆಯವನೇ. ನಲವತ್ತೊಂದು ಹಾಳೆಗಳ ಜೊತೆ ನಾಲ್ಕು ಪುಟದ ಕಾಗದ ಬರೆದು, ಮಾಸ್ತರನ ದೃಷ್ಟಿಗೆ ನಾನೇ ಸಾಕ್ಷಿ, ಇದು ಇವರ ಪದ್ಧತಿ, ದಯಮಾಡಿ ಕಳಿಸಿಕೊಡಿ ಎಂದು ಕೇಳಿಕೊಂಡ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮುಂಬೈಯಿಂದ ಎರಡು ಸಾಲಿನ ಉತ್ತರ ಬಂತು. ಅರ್ಧ ಮಾಡಿದ ಕೆಲಸಕ್ಕೆ ಮುಂದಿನ ಖರ್ಚು ಕೊಡಲು ಬರುವುದಿಲ್ಲ, ಈ ವರ್ಷ ಪುಣೆಯ ಕಡೆಯ ಇನ್ನೊಬ್ಬ ಚಿತ್ರದ ಮಾಸ್ತರನನ್ನು ಗವಿಗಳಿಗೆ ಕಳಿಸಲಾಗಿದೆ.

ಗ್ಯಾನಪ್ಪ ಒಂದೇ ಉಪಕಾರ ಕೇಳಿದ. "ಆ ಮಾಸ್ತರಗ ಒಂದು ಕಾಗದ ಹಾಕ್ರಿ ಸಾವಕಾರ್ರ. ಬಣ್ಣ ಯಾವ ಅಂಟಿನ್ಯಾಗ ಕಲಸ್ಯಾರ, ಅದೊಂದು ನೋಡಿ ತಿಳಸು ಅಂತ." ಅಂದಾನೆಪ್ಪ ಬರೆದ.

ಹೊಂಡದ ದೇವಿ ಗ್ಯಾನಪ್ಪನ ಮನೆಗೇ ಬಂದಳು, ಮತ್ತೆಲ್ಲಿಗೆ ಹೋಗುತ್ತಾಳೆ? ಪಡಸಾಲೆಯ ಗೋಡೆಯಲ್ಲಿ ಕೂತಳು. ದಿನವೂ ಸಕ್ರವ್ವ ಮೊದಲ ರೊಟ್ಟಿ ಅವಳಿಗೆ ಎಡೆ ಹಿಡಿದು ಆಮೇಲೆ ಗಂಡನಿಗೆ ಬಡಿಸುತ್ತಿದ್ದಳು. ಮುಂದಿನ ವರ್ಷಕ್ಕೆ ಎಡಗಣ್ಣೂ ಮುಚ್ಚಿತು, ಸಾಲೆಯೂ ಬಿಟ್ಟಿತು. ಅದರ ಮುಂದಿನ ವರ್ಷ ನರಗುಂದದಲ್ಲಿ ಏನಾಯಿತು ಎಂಬುದು ನಿಮಗೆ ಗೊತ್ತೇ ಇದೆ. ಕುಂಪಣಿಯ ವಿರುದ್ಧ ಬಂಡಾಯ ಎದ್ದು ಕೋಟೆ ಬಿತ್ತು, ದಾರಿಗಳು ಮುಚ್ಚಿದವು, ಅಂದಾನೆಪ್ಪನ ವಖಾರಿಗೆ ಎಷ್ಟೋ ತಿಂಗಳು ಬೀಗ. ಗ್ಯಾನಪ್ಪ ಕಟ್ಟೆಗೆ ಕೂತು, ದಾರಿಯಲ್ಲಿ ಚಕ್ಕಡಿಯ ಸದ್ದಾದರೆ ಸಾಕು, ಕಾಗದ ಬಂತೇನು ಎಂದು ಕೇಳುತ್ತಿದ್ದ. ಒಳಗೆ ಬಂದು, "ಆಕೀ ಬಣ್ಣ ಹ್ಯಾಂಗೈತಿ?" ಎಂದು ಕೇಳುತ್ತಿದ್ದ. "ಹಂಗ ಐತಿ" ಎನ್ನುತ್ತಿದ್ದಳು ಸಕ್ರವ್ವ.

ಐವತ್ತೊಂಬತ್ತರ ಬೇಸಿಗೆಯಲ್ಲಿ ಅಂದಾನೆಪ್ಪ ತಾನೇ ಬಂದ. ಮುದುಕನಾಗಿಬಿಟ್ಟಿದ್ದ. ಪುಣೆಯ ಮಾಸ್ತರನ ಕಾಗದ ಎರಡು ವರ್ಷ ಎಲ್ಲೆಲ್ಲೋ ಬಿದ್ದು ತಲುಪಿತ್ತು. ಅಂದಾನೆಪ್ಪ ದೇವಿಗೆ ಕೈಮುಗಿದು, ಕೂತು, ಓದಿ ಹೇಳಿದ.

"ಅಂಟು ಯಾವುದು ಅಂತ ಯಾರಿಗೂ ಗೊತ್ತಿಲ್ಲ. ನಾನೂ ಸೋತೆ. ನಾನಿದ್ದ ನಾಲ್ಕು ತಿಂಗಳಲ್ಲೇ ಒಂದು ಗೋಡೆಯ ಬಣ್ಣ ಅಂಗೈಯಗಲ ಉದುರಿತು. ಈ ಬಣ್ಣಗಳು ಈಗಿದ್ದ ಹಾಗೆ ಉಳಿಯುವುದಿಲ್ಲ. ನೀವು ಬಂದಿದ್ದರೆ ಚೆನ್ನಾಗಿತ್ತು."

ಗ್ಯಾನಪ್ಪ ಎದೆಯಲ್ಲಿ ಅಷ್ಟು ವರ್ಷ ಹೊತ್ತುಕೊಂಡಿದ್ದದ್ದು ಏನೋ ಇಳಿಯಿತು. ಇಳಿದದ್ದು ಒಳ್ಳೆಯದೋ ಕೆಟ್ಟದ್ದೋ ಅವನಿಗೆ ತಿಳಿಯಲಿಲ್ಲ. "ಅಲ್ಲೂ ಉದರತೈತೇನು" ಎಂದಷ್ಟೇ ಹೇಳಿದ.

ಅಂದಾನೆಪ್ಪ ಹೋದ ಮೇಲೆ ಅವನು ಗೋಡೆ ಹಿಡಿದು ದೇವಿಯ ಹತ್ತಿರ ಹೋದ. ಸಕ್ರವ್ವ ಬೇಡ ಬೇಡ ಎನ್ನುವಷ್ಟರಲ್ಲಿ ಬೆರಳು ದೇವಿಯ ಕಣ್ಣಿಗೆ ತಾಗಿತ್ತು. ಎಡಗಣ್ಣಿನ ಬಣ್ಣ ಹಕ್ಕಳೆಯಾಗಿ ಬೆರಳಿಗೆ ಬಂತು. ಬಲಗಣ್ಣಿನ ಜಾಗ ಆಗಲೇ ಬರಿದಾಗಿತ್ತು. ಕಟ್ಟಿಗೆಯ ಮೇಲೆ ಹತ್ತು ವರ್ಷ ನಿಲ್ಲುವ ಬಣ್ಣ ಕಾಗದದ ಮೇಲೆ ಮೂರೂ ನಿಂತಿರಲಿಲ್ಲ.

"ಯಾವಾಗಿಂದ?"

"ಹೋದ ಮಳಿಗಾಲದಿಂದ" ಎಂದಳು ಸಕ್ರವ್ವ. "ಹೇಳೂ ಧೈರ್ಯ ಆಗಲಿಲ್ರಿ. ಆದ್ರ ಎಡಿ ಒಂದು ದಿನ ತಪ್ಪಿಸಿಲ್ಲ."

ಅವನು ಬೈಯುತ್ತಾನೆ ಎಂದುಕೊಂಡಿದ್ದಳು. ಗ್ಯಾನಪ್ಪ ಬೈಯಲಿಲ್ಲ. ಹಕ್ಕಳೆಯನ್ನು ಮೂಸಿ ನೋಡಿ, "ಹುಣಸಿಬೀಜ ಇನ್ನೂ ಅದಾವೇನು, ಎಲ್ಲಾ ಪಲ್ಯಾ ಮಾಡಿ ಉಣಿಸಿದೆಯೇನು?" ಎಂದು ಕೇಳಿದ.

"ಬೀಜದ ಪಲ್ಯಾ ಯಾರು ಮಾಡ್ತಾರ್ರಿ! ಅಂಟಿನ ಬೀಜ ಗಡಿಗ್ಯಾಗ ಹಂಗ ಅದಾವ."

"ಹುರಿ. ನಾಳಿ ಮುಂಜಾನಿ ತಲಿಗೆ ನೀರು ಹಾಕ್ಕೊ. ನೀ ಬರಿ."

ಸಕ್ರವ್ವ ಗಾಬರಿಯಾದಳು. ಹೆಂಗಸರು ದೇವರ ಕಣ್ಣು ತೆರೆದದ್ದು ಆ ಮನೆತನದಲ್ಲಿ ಇಲ್ಲ, ಯಾವ ಮನೆತನದಲ್ಲೂ ಇರಲಿಲ್ಲ. "ನನ್ನ ಕೈಲೆ ಹ್ಯಾಂಗ ಆಗತೈತ್ರಿ? ನಾ ಕನ್ನಡಿ ಹಿಡದಾಕಿ."

"ಮೂವತ್ತು ವರ್ಷ ನನ್ನ ಕೈ ನೋಡ್ಕೊಂತ ಹಿಡದೀಯಲ್ಲ. ಮತ್ತ್ಯಾರು ಬರೀಬೇಕು? ಕುರುಡಿ ಮಾಡಿ ಎಡಿ ಹಿಡೀಬಾರದು ಆಕಿಗೆ."

ಮರುದಿನ ಮುಂಜಾನೆ ಸಕ್ರವ್ವ ಉಪವಾಸ ಇದ್ದು, ಒದ್ದೆ ಕೂದಲು ಗಂಟು ಹಾಕಿ, ದೇವಿಗೆ ಬೆನ್ನು ಮಾಡಿ ಕೂತಳು. ಎದುರಿಗೆ ಗ್ಯಾನಪ್ಪ ಕೂತ. ಕನ್ನಡಿಯನ್ನು ಎಷ್ಟು ಎತ್ತರಕ್ಕೆ, ಎಷ್ಟು ಓರೆಗೆ ಹಿಡಿಯಬೇಕೆಂದು ಅವನಿಗೆ ಹೇಳಬೇಕಾಗಲಿಲ್ಲ. ಕನ್ನಡಿಯಲ್ಲಿ ಸಕ್ರವ್ವನಿಗೆ ದೇವಿಯ ಬರಿದಾದ ಕಣ್ಣು ಕಂಡವು. ಕನ್ನಡಿಯ ಅಂಚಿನ ಮೇಲ್ಗಡೆ ಗಂಡನ ಬೆಳ್ಳಗಾದ ಕಣ್ಣು ಕಂಡವು, ಅವುಗಳಿಂದ ನೀರು ಇಳಿಯುತ್ತಿತ್ತು. ಅವಳು ಕುಂಚ ಅದ್ದಿದಳು, ಕೈಯನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದಳು, ತುಸು ಹೊತ್ತು ಕಾದಳು.

"ಕೈ ನಡುಗಿಸಬ್ಯಾಡ್ರಿ" ಎಂದಳು, "ಕನ್ನಡಿ ಅಲಗಾಡತೈತಿ."